ಹೊತ್ತು ತಂದವರು, ಕಾಪಿಟ್ಟವರು

2020ರ ಮಾರ್ಚ್ 13, ಶುಕ್ರವಾರ. ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಪುಣೆಯಲ್ಲಿ ಪತ್ತೆಯಾಗಿ ನಾಲ್ಕು ದಿನಗಳಾಗಿದ್ದವು. ಆ ಮಧ್ಯರಾತ್ರಿಯಿಂದ ಪುಣೆ, ಪಿಂಪ್ರಿ-ಚಿಂಚವಾಡ, ಮುಂಬೈ, ನಾಗಪುರ ಮೊದಲಾದ ಊರುಗಳಲ್ಲಿ ಸಿನಿಮಾ ಮಂದಿರಗಳನ್ನು ಮುಚ್ಚಬೇಕೆಂದು ರಾಜ್ಯ ಸರ್ಕಾರ ಹೇಳಿತು. ದೇಶವಿಡೀ ಬೀಗ ಬೀಳಲು ಇನ್ನೂ ಹನ್ನೊಂದು ದಿನವಿತ್ತು. ಅಷ್ಟರಲ್ಲೇ ಪುಣೆಯ ತೆರೆಗಳು ಕತ್ತಲಾದವು, ಅವುಗಳ ಹಿಂದೆಯೇ ನಾಟಕಗೃಹಗಳ ದೀಪಗಳೂ ಆರಿದವು.

ಈ ಆದೇಶಕ್ಕೆ ಬಳಸಿದ ಕಾನೂನು 1897ರದು. ಮುಂಬೈ, ಪುಣೆಗಳನ್ನು ಪ್ಲೇಗು ಹಿಂಡುತ್ತಿದ್ದಾಗ ಬ್ರಿಟಿಷ್ ಸರ್ಕಾರ ತರಾತುರಿಯಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಅದು. ಆ ವರ್ಷ ಪುಣೆಯಲ್ಲಿ ಸೋಲ್ಜರುಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಇದೇ ಊರಲ್ಲಿ, 1897ರ ಜೂನ್ 22ರ ರಾತ್ರಿ. ಹೀಗೆ ನೂರಿಪ್ಪತ್ಮೂರು ವರ್ಷಗಳ ನಂತರ ಅದೇ ಕಾಯಿದೆ ಅದೇ ಊರಿಗೆ ಮರಳಿತು. ಈ ಸಲ ಮನೆಯೊಳಕ್ಕೆ ಬಂದದ್ದು ಸೋಲ್ಜರುಗಳಲ್ಲ, ಸಿನಿಮಾ ಮತ್ತು ನಾಟಕ.

ಆ ತಿಂಗಳುಗಳನ್ನು ಪುಣೆಯ ಫ್ಲಾಟುಗಳಲ್ಲಿ ಕಳೆದ ಕನ್ನಡಿಗರಲ್ಲಿ ನಾನೂ ಇದ್ದೆ. ಈ ಬರಹ ಆ ದಿನಗಳ ಬಗ್ಗೆ. ಜೊತೆಗೆ, ಅವತ್ತು ನಮಗೆ ತೀರಾ ಹೊಸದೆನಿಸಿದ ಒಂದು ಅನುಭವ ಎಷ್ಟು ಹಳೆಯದು ಎನ್ನುವುದರ ಬಗ್ಗೆ.

ರಾತ್ರಿ ಹನ್ನೊಂದೂವರೆಯ ನಾಟಕ

ಮೊದಲು ಬಂದದ್ದು ಹಳೆಯದೇ. ಮಾರ್ಚ್ 28ರಂದು ದೂರದರ್ಶನ ರಾಮಾನಂದ ಸಾಗರರ 'ರಾಮಾಯಣ'ವನ್ನು ಮತ್ತೆ ಶುರುಮಾಡಿತು. 1987ರಲ್ಲಿ ಅದು ಮೊದಲ ಸಲ ಬಂದಾಗ ಟೀವಿ ಇದ್ದ ಒಂದು ಮನೆಗೆ ಇಡೀ ಬೀದಿಯೇ ಬಂದು ಕೂರುತ್ತಿತ್ತು. ಚಪ್ಪಲಿಗಳ ರಾಶಿ ನೋಡಿದರೇ ಸಾಕು, ಟೀವಿ ಯಾರ ಮನೆಯಲ್ಲಿದೆ ಎಂದು ತಿಳಿಯುತ್ತಿತ್ತು. 2020ರಲ್ಲಿ ಪ್ರತಿ ಮನೆಯಲ್ಲೂ ಟೀವಿ ಇತ್ತು, ಆದರೆ ಪಕ್ಕದ ಮನೆಯವರು ಹೊಸ್ತಿಲು ದಾಟುವಂತಿರಲಿಲ್ಲ.

ಆಮೇಲೆ ಹೊಸ ಸಿನಿಮಾಗಳು ಬಂದವು. ಜುಲೈ 17ರಂದು 'ಲಾ', ಮತ್ತೊಂದು ವಾರಕ್ಕೆ 'ಫ್ರೆಂಚ್ ಬಿರಿಯಾನಿ'. ಎರಡೂ ಥಿಯೇಟರಿನ ಮುಖ ನೋಡದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಪುಣೆಯ ಕನ್ನಡಿಗನಿಗೆ ಇದರಲ್ಲಿ ಒಂದು ವಿಶೇಷವಿತ್ತು. ಇಲ್ಲಿ ಕನ್ನಡ ಸಿನಿಮಾ ಬಂದರೂ ಯಾವುದೋ ಮಲ್ಟಿಪ್ಲೆಕ್ಸಿನಲ್ಲಿ, ವಾರಾಂತ್ಯಕ್ಕೆ ಒಂದೋ ಎರಡೋ ಆಟ. ಈಗ ಬೆಂಗಳೂರಿನವರು ನೋಡುವ ಗಳಿಗೆಗೇ ನಾವೂ ನೋಡಬಹುದಿತ್ತು. ಊರು ಬಿಟ್ಟವರಿಗೂ ಊರಲ್ಲಿದ್ದವರಿಗೂ ಒಂದೇ ಸಾಲಿನಲ್ಲಿ ಕುರ್ಚಿ ಹಾಕಿದಂತಾಯಿತು.

ಅತ್ಯಂತ ವಿಚಿತ್ರವೆನಿಸಿದ್ದು ನಾಟಕ. ಲಂಡನ್ನಿನ ನ್ಯಾಷನಲ್ ಥಿಯೇಟರ್ ಏಪ್ರಿಲ್ 2ರಿಂದ ಪ್ರತಿ ಗುರುವಾರ ಒಂದು ನಾಟಕವನ್ನು ಯೂಟ್ಯೂಬಿನಲ್ಲಿ ಉಚಿತವಾಗಿ ಬಿಟ್ಟಿತು. ಮೊದಲನೆಯದು 'ಒನ್ ಮ್ಯಾನ್, ಟೂ ಗವ್ನರ್ಸ್'. ಹದಿನೆಂಟನೆಯ ಶತಮಾನದ ಇಟಲಿಯ ಗೋಲ್ಡೋನಿ ಬರೆದ ಪ್ರಹಸನದ ಹೊಸ ಅವತಾರ ಅದು. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಗು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ನನ್ನನ್ನು ನಗಿಸುತ್ತಿದ್ದುದು ನಟ ಮಾತ್ರವಲ್ಲ. 2011ರಲ್ಲಿ ಆ ಸಭಾಂಗಣದಲ್ಲಿ ಕೂತು ನಕ್ಕ ಜನರ ನಗುವೂ ಮುದ್ರಣವಾಗಿತ್ತು. ಆ ನಗುವನ್ನು ತೆಗೆದುಬಿಟ್ಟರೆ ನಾಟಕದಲ್ಲಿ ಅರ್ಧ ಹೋಗುತ್ತಿತ್ತು.

ಮರಾಠಿ ರಂಗದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 2020ರ ಜುಲೈಯಲ್ಲಿ 'ಮೋಗರಾ' ಎಂಬ ನಾಟಕವನ್ನು ಕಲಾವಿದೆಯರು ತಂತಮ್ಮ ಮನೆಗಳಿಂದಲೇ ನೇರವಾಗಿ ಆಡಿದರು, ಪ್ರೇಕ್ಷಕರು ಟಿಕೆಟ್ ಕೊಂಡು ತಮ್ಮ ಮನೆಗಳಿಂದ ನೋಡಿದರು. ಇಂಟರ್ನೆಟ್ಟಿನ ನಾಟಕವಾದ್ದರಿಂದ 'ನೆಟಕ್' ಎಂದು ಹೆಸರಿಟ್ಟರು. ಕರಾವಳಿಯಲ್ಲಿ ಪತ್ತನಾಜೆಗೆ ಎರಡು ತಿಂಗಳಿರುವಾಗಲೇ ತಿರುಗಾಟ ನಿಲ್ಲಿಸಿದ ಯಕ್ಷಗಾನ ಮೇಳಗಳ ಕಲಾವಿದರು ಖಾಲಿ ಅಂಗಳದಲ್ಲಿ ಮೊಬೈಲ್ ಕ್ಯಾಮರಾದ ಮುಂದೆ ತಾಳಮದ್ದಲೆ ನಡೆಸಿದರು. ಎದುರಿಗೆ ಜನರಿಲ್ಲದೆ ಅರ್ಥ ಹೇಳುವುದು ಎಷ್ಟು ಕಷ್ಟವೆಂದು ಅವರ ಕಣ್ಣುಗಳೇ ಹೇಳುತ್ತಿದ್ದವು.

ಟೆಲಿಫೋನಿನಲ್ಲಿ ಒಪೆರಾ, ಗದಗಿನಲ್ಲಿ ಗ್ರಾಮಫೋನು

ನಡೆಯುತ್ತಿರುವ ರಂಗಪ್ರದರ್ಶನವನ್ನು ತಂತಿಯ ಮೂಲಕ ದೂರಕ್ಕೆ ಕಳಿಸುವ ಆಸೆ ಯೂಟ್ಯೂಬಿನೊಂದಿಗೆ ಹುಟ್ಟಿದ್ದಲ್ಲ. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂ ಅದೇರ್ ಎಂಬ ಇಂಜಿನಿಯರ್ ಒಪೆರಾ ಮಂದಿರದ ವೇದಿಕೆಯಲ್ಲಿ ಟೆಲಿಫೋನಿನ ಮೈಕುಗಳನ್ನಿಟ್ಟ. ಪ್ರದರ್ಶನಕ್ಕೆ ಬಂದವರು ಎರಡು ಕಿವಿಗಳಿಗೆ ಎರಡು ರಿಸೀವರ್ ಹಿಡಿದು ದೂರದ ಹಾಡನ್ನು ಕೇಳಿದರು. 1890ರ ಹೊತ್ತಿಗೆ ಅದು 'ಥಿಯೇಟ್ರೋಫೋನ್' ಎಂಬ ಹೆಸರಲ್ಲಿ ಚಂದಾ ಕಟ್ಟಬೇಕಾದ ಸೇವೆಯೇ ಆಯಿತು. ಅನಾರೋಗ್ಯದಿಂದ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಅದರ ಚಂದಾದಾರನಾಗಿ ಹಾಸಿಗೆಯಿಂದಲೇ ಒಪೆರಾ ಕೇಳಿದ. ನಮ್ಮ ಒಟಿಟಿಯ ಚಂದಾ ಪದ್ಧತಿಗೆ ನೂರಮೂವತ್ತು ವರ್ಷದ ಅಜ್ಜ ಅವನು.

ಮನೆಗೆ ಬಂದ ಕಲೆ ಜನರನ್ನು ಮನೆಯಲ್ಲೇ ಕಟ್ಟಿಹಾಕುತ್ತದೆ ಎಂಬ ಆತಂಕವೂ ಅಷ್ಟೇ ಹಳೆಯದು. ಆದರೆ ಇದಕ್ಕೆ ಎದುರಾದ ಒಂದು ಕತೆ ನಮ್ಮಲ್ಲೇ ಇದೆ. ಗದಗಿನ ಒಬ್ಬ ಹುಡುಗ ಅಂಗಡಿಯೊಂದರಲ್ಲಿ ಗ್ರಾಮಫೋನು ಹಾಡುವುದನ್ನು ಕೇಳಿದ. ಅಬ್ದುಲ್ ಕರೀಂ ಖಾನರ ದನಿ. ಹಾಗೆ ಹಾಡಬೇಕೆಂಬ ಹಟ ಹತ್ತಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಉತ್ತರ ಭಾರತವೆಲ್ಲ ಸುತ್ತಿ ಕೊನೆಗೆ ಕುಂದಗೋಳಕ್ಕೆ ಬಂದು, ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರಲ್ಲಿ ಕಲಿತ. ಆ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ, ಗುರುವಿನ ನೆನಪಿಗಾಗಿ 1953ರಿಂದ ನಡೆಸಿದ ಸವಾಯಿ ಗಂಧರ್ವ ಉತ್ಸವ ಪ್ರತಿ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಚಳಿಯಲ್ಲಿ ಕೂರಿಸುವ ಜಾತ್ರೆಯಾಯಿತು. ಒಂದು ಅಂಗಡಿಯ ತಟ್ಟೆಯಿಂದ ಹೊರಟ ದಾರಿ ಹೋಗಿ ಮುಟ್ಟಿದ್ದು ಇಷ್ಟು ದೊಡ್ಡ ಚಪ್ಪರವನ್ನು. 2020ರ ಡಿಸೆಂಬರಿನಲ್ಲಿ ಆ ಚಪ್ಪರ ಏಳಲಿಲ್ಲ. ನಾವು ಮತ್ತೆ ಮುದ್ರಿತ ದನಿಗೇ ಮರಳಿದೆವು.

ಹಾಗಾಗಿ ಮುದ್ರಿಕೆ ಬೇರೆ, ನಿಜವಾದ ಕಲೆ ಬೇರೆ ಎಂಬ ಜಗಳ ನನಗೆ ಮುಖ್ಯವೆನಿಸುವುದಿಲ್ಲ. ಅದಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ. ಇದನ್ನು ನಮ್ಮ ತನಕ ಹೊತ್ತು ತಂದವರು ಯಾರು? ತರುವ ಮುಂಚೆ ಕಾಪಿಟ್ಟವರು ಯಾರು? ಮೊಬೈಲಿನಲ್ಲಿ ಬೆರಳು ತಾಗಿಸಿದೊಡನೆ ಸಿನಿಮಾ ಬಂದಾಗ ಈ ಇಬ್ಬರೂ ಕಣ್ಣಿಗೆ ಬೀಳುವುದಿಲ್ಲ. ಪುಣೆಯಲ್ಲಿ ಕೂತು ಇವರನ್ನು ಹುಡುಕಿದರೆ ಹೆಚ್ಚು ದೂರ ಹೋಗಬೇಕಿಲ್ಲ. ಲಾ ಕಾಲೇಜ್ ರಸ್ತೆಗೆ ಹೋದರೆ ಸಾಕು.

ಉಳಿಯದ ಸುಲೋಚನೆ

ಆ ರಸ್ತೆಯ ಕತೆ ಕೊಲ್ಹಾಪುರದಿಂದ ಶುರುವಾಗುತ್ತದೆ. 1929ರಲ್ಲಿ ವಿ. ಶಾಂತಾರಾಂ ಮತ್ತು ಗೆಳೆಯರು ಅಲ್ಲಿ ಪ್ರಭಾತ್ ಫಿಲಂ ಕಂಪನಿ ಕಟ್ಟಿದರು, 1933ರಲ್ಲಿ ಪುಣೆಗೆ ಸ್ಥಳಾಂತರಿಸಿದರು. 1936ರ ಅವರ 'ಸಂತ ತುಕಾರಾಂ' ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು.

ಪ್ರಭಾತ್ ಬಿಟ್ಟುಹೋದ ಅದೇ ಕೊಲ್ಹಾಪುರದಲ್ಲಿ, ಛತ್ರಪತಿ ಸಿನಿಟೋನ್ ಎಂಬ ಸ್ಟುಡಿಯೋಗೆ ಕನ್ನಡದ ಒಂದು ತಂಡ ಬಂದಿಳಿಯಿತು. ನಿರ್ಮಾಪಕ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕ ವೈ.ವಿ. ರಾವ್. ನಾಟಕ ಕಂಪನಿಯಲ್ಲಿ ಪಳಗಿದ ಸುಬ್ಬಯ್ಯನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರ. ಈ ಮಾರ್ಚ್ 3 ನಮಗೆ ಕನ್ನಡ ಚಿತ್ರರಂಗದ ಹುಟ್ಟುಹಬ್ಬ.

ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಅದೇ ವರ್ಷ ಬಂದ 'ಭಕ್ತ ಧ್ರುವ'ವೂ ಇಲ್ಲ. ಲಾಕ್‌ಡೌನಿನಲ್ಲಿ ನಮಗೆ ಸಮಯವಿತ್ತು, ತೆರೆಯಿತ್ತು, ಡೇಟಾ ಇತ್ತು. ಲಂಡನ್ನಿನ ನಾಟಕ ಸಿಕ್ಕಿತು, ನಮ್ಮದೇ ಮೊದಲ ಸಿನಿಮಾ ಸಿಗಲಿಲ್ಲ, ಎಂದಿಗೂ ಸಿಗುವಂತಿಲ್ಲ.

ಇದು ಕನ್ನಡದ ದುರದೃಷ್ಟ ಮಾತ್ರವಲ್ಲ. ಹಿಂದಿಯ ಮೊದಲ ವಾಕ್ಚಿತ್ರ 'ಆಲಂ ಆರಾ'ದ್ದೂ ಇದೇ ಗತಿ. ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು, ಇಡಿಯಾಗಿ ಉಳಿದವು ಬೆರಳೆಣಿಕೆಯಷ್ಟು. ಕಾರಣಗಳು ಸರಳ. ಅಂದಿನ ಫಿಲಂ ನೈಟ್ರೇಟಿನದು, ಬೇಗ ಹೊತ್ತಿಕೊಳ್ಳುತ್ತಿತ್ತು, ಸೆಕೆಗೆ ಕರಗಿ ಅಂಟಾಗುತ್ತಿತ್ತು. ಓಡಿ ಮುಗಿದ ಸಿನಿಮಾಕ್ಕೆ ಆಗಿನ ಲೆಕ್ಕದಲ್ಲಿ ಬೆಲೆಯಿರಲಿಲ್ಲ, ಆದರೆ ಅದರ ಮೇಲಿನ ಬೆಳ್ಳಿಯ ಲೇಪಕ್ಕೆ ಇತ್ತು. ಎಷ್ಟೋ ರೀಲುಗಳನ್ನು ಬೆಳ್ಳಿಗಾಗಿ ಕರಗಿಸಿದರು. ಬೆಳ್ಳಿತೆರೆ ಎಂಬ ಮಾತು ಅಲ್ಲಿ ಅಕ್ಷರಶಃ ಗುಜರಿ ಅಂಗಡಿಗೆ ಹೋಯಿತು.

ಡಬ್ಬಿ ಹುಡುಕಿದ ನಾಯರ್

ಪ್ರಭಾತ್ ಕಂಪನಿ ಮುಚ್ಚಿದ ಮೇಲೆ ಅದರ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಸರ್ಕಾರ ಫಿಲಂ ಇನ್‌ಸ್ಟಿಟ್ಯೂಟ್ ತೆರೆಯಿತು. 1964ರಲ್ಲಿ ಪುಣೆಯಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಊರೂರು ತಿರುಗಿ, ನಿರ್ಮಾಪಕರ ಮನೆಗಳ ಅಟ್ಟ, ಗೋದಾಮುಗಳನ್ನು ತಡಕಿ, ತುಕ್ಕು ಹಿಡಿದ ಡಬ್ಬಿಗಳನ್ನು ಪುಣೆಗೆ ತಂದರು. ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ'ದ ಉಳಿದ ರೀಲುಗಳು, 'ಕಾಲಿಯ ಮರ್ದನ' ನಮಗಿಂದು ಕಾಣುತ್ತಿದ್ದರೆ ಅದು ನಾಯರ್ ಪಟ್ಟ ಪಾಡಿನಿಂದ. ಒಳ್ಳೆಯ ಸಿನಿಮಾ, ಕೆಟ್ಟ ಸಿನಿಮಾ ಎಂದು ಅವರು ಆರಿಸುತ್ತಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಎತ್ತಿಡಬೇಕು, ತೀರ್ಪು ಮುಂದಿನವರು ಕೊಡಲಿ ಎನ್ನುವುದು ಅವರ ನಿಲುವು. ಕಾಪಾಡುವುದು ಸುಲಭವೂ ಆಗಿರಲಿಲ್ಲ. 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಪ್ರಭಾತ್ ಚಿತ್ರಗಳೂ ಸೇರಿ ಅನೇಕ ಮೂಲ ರೀಲುಗಳು ಬೂದಿಯಾದವು. ನಾಯರ್ 2016ರ ಮಾರ್ಚಿನಲ್ಲಿ ತೀರಿಕೊಂಡರು.

ನಾಯರ್ ಕಾಪಿಟ್ಟವರು ಮಾತ್ರವಲ್ಲ, ಹೊರಗೆ ಕಳಿಸಿದವರೂ ಹೌದು. ಕನ್ನಡಿಗರು ಅವರನ್ನು ನೆನೆಯಬೇಕಾದ ಮುಖ್ಯ ಕಾರಣ ಇದು.

ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ನೀನಾಸಂ ಕಟ್ಟಿದ್ದು ಎಲ್ಲರಿಗೂ ಗೊತ್ತು. 1973ರಲ್ಲಿ ಅದಕ್ಕೆ ಚಿತ್ರಸಮಾಜವೂ ಸೇರಿತು. ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರರಸಗ್ರಹಣ ಕಲಿಸುತ್ತಿದ್ದ ಪ್ರೊಫೆಸರ್ ಸತೀಶ್ ಬಹಾದುರ್ ಹೆಗ್ಗೋಡಿಗೆ ಬಂದು ಶಿಬಿರ ನಡೆಸಿದರು, ಸಂಗ್ರಹಾಲಯದ ಡಬ್ಬಿಗಳು ಪುಣೆಯಿಂದ ಮಲೆನಾಡಿಗೆ ಹೊರಟವು. ಅಡಿಕೆ ತೋಟದ ನಡುವಿನ ಒಂದು ಹಳ್ಳಿಯಲ್ಲಿ ರೈತರು, ಕೂಲಿಯವರು, ಶಾಲೆ ಮಾಸ್ತರರು ಒಟ್ಟಿಗೆ ಕೂತು ಕುರೊಸಾವನ 'ರಾಶೋಮನ್', ಡಿ ಸಿಕಾನ 'ಬೈಸಿಕಲ್ ಥೀವ್ಸ್', ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ನೋಡಿದರು. ಬಹಳ ಜನಕ್ಕೆ ಜಪಾನಿ, ಇಟಾಲಿಯನ್ ಹೋಗಲಿ, ಇಂಗ್ಲಿಷ್ ಅಕ್ಷರವೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಸೈಕಲ್ ಕಳಕೊಂಡ ಬಡವನ ಮುಖ ಓದಲು ಯಾವ ಲಿಪಿ ಬೇಕು? 1983ರಿಂದ 85ರವರೆಗೆ 'ಜನಸ್ಪಂದನ' ಎಂಬ ಯೋಜನೆಯಲ್ಲಿ ನೀನಾಸಂ ಇದೇ ಕೆಲಸವನ್ನು ಕರ್ನಾಟಕದ ಬೇರೆ ಊರುಗಳಿಗೂ ಒಯ್ದಿತು.

ಶಿವೇಂದ್ರ ಸಿಂಗ್ ಡುಂಗರ್‌ಪುರ್ ನಾಯರ್ ಬಗ್ಗೆ ತೆಗೆದ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಆ ನೋಡುಗರು ಬರುತ್ತಾರೆ. ದಶಕಗಳ ಹಿಂದೆ ಕಂಡ ಚಿತ್ರಗಳನ್ನು ಮನೆಯವರ ಕತೆ ಹೇಳುವಷ್ಟು ಸಲೀಸಾಗಿ ನೆನೆಯುತ್ತಾರೆ. ಲಾಕ್‌ಡೌನಿನಲ್ಲಿ ನಾನು ಅಷ್ಟೊಂದು ಸಿನಿಮಾ ನೋಡಿದೆ. ಈಗ ಎಣಿಸಿದರೆ ಹತ್ತರ ಹೆಸರೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಅವರು ಒಂದು ಸಿನಿಮಾ ನೋಡಿ ಒಂದು ವಾರ ಅದರ ಬಗ್ಗೆ ಮಾತಾಡಿದ್ದರು. ನಾನು ಒಂದು ಮುಗಿದ ಐದು ಸೆಕೆಂಡಿಗೆ ಇನ್ನೊಂದು ತಾನಾಗಿ ಶುರುವಾಗಲು ಬಿಟ್ಟಿದ್ದೆ.

ಪುಣೆಯಲ್ಲಿ ಉಳಿದ ಯಮುನಕ್ಕ

ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವರೂ ಇದ್ದರು. 1974-75ರಲ್ಲಿ ಫಿಲಂ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡ. ಅದೇ ಕಾಲಕ್ಕೆ ಅಲ್ಲಿ ಓದಿ 1975ರಲ್ಲಿ ಹೊರಬಂದವರು ಗಿರೀಶ ಕಾಸರವಳ್ಳಿ, ಸುಬ್ಬಣ್ಣನವರ ಸೋದರಳಿಯ. ಎರಡು ವರ್ಷಕ್ಕೆ ಅನಂತಮೂರ್ತಿಯವರ ಕತೆಯಿಂದ 'ಘಟಶ್ರಾದ್ಧ' ಮಾಡಿ ಸ್ವರ್ಣಕಮಲ ಪಡೆದರು. ಆ ಚಿತ್ರದ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಉಳಿಯಿತು. ಉಳಿದದ್ದರಿಂದಲೇ ಅದನ್ನು ಜೀರ್ಣೋದ್ಧಾರ ಮಾಡಲು ಸಾಧ್ಯವಾಗಿ, 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಯಮುನಕ್ಕ ಮತ್ತು ನಾಣಿ ಮತ್ತೆ ಕಪ್ಪುಬಿಳುಪಿನಲ್ಲಿ, ಹೊಸದಾಗಿ ತೆಗೆದಷ್ಟು ಸ್ವಚ್ಛವಾಗಿ ಕಾಣಿಸಿಕೊಂಡರು.

ಸುಲೋಚನೆ ಹೋದಳು, ಯಮುನಕ್ಕ ಉಳಿದಳು. ಇಬ್ಬರ ನಡುವಿನ ವ್ಯತ್ಯಾಸ ಕಲೆಯದಲ್ಲ, ಒಂದು ತಣ್ಣನೆಯ ಕೋಣೆಯದು ಮತ್ತು ಅದಕ್ಕೆ ಬೀಗದ ಕೈ ಹಿಡಿದು ಕೂತ ಸಂಬಳದ ನೌಕರರದು. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 2,200 ಚಿತ್ರಗಳ ಜೀರ್ಣೋದ್ಧಾರಕ್ಕೆ 363 ಕೋಟಿ ರೂಪಾಯಿ ಘೋಷಿಸಿತು. ದೊಡ್ಡ ಮೊತ್ತವೇ. ಆದರೆ ಆ ಹಣದಿಂದ ಉಳಿಸಬಹುದಾದದ್ದು ಯಾರೋ ಮೊದಲೇ ಎತ್ತಿಟ್ಟದ್ದನ್ನು ಮಾತ್ರ.

ಹಾಗಾದರೆ 2020ರಲ್ಲಿ ನಮ್ಮ ಕಲಾವಿದರು ಮೊಬೈಲಿನ ಮುಂದೆ ಆಡಿದ್ದೆಲ್ಲ ಎಲ್ಲಿದೆ? ಲಂಡನ್ನಿನವರು ಪ್ರತಿ ನಾಟಕವನ್ನೂ ಒಂದು ವಾರವಿಟ್ಟು ಇಳಿಸಿದರು. ಅವರ ಬಳಿ ಮೂಲ ಭದ್ರವಾಗಿದೆ, ಇಳಿಸಿದರೆ ನಷ್ಟವಿಲ್ಲ. ನಮ್ಮ ತಾಳಮದ್ದಲೆ, ಏಕವ್ಯಕ್ತಿ ನಾಟಕ, ಕಂಪನಿ ನಾಟಕದ ತುಣುಕುಗಳು ಫೇಸ್‌ಬುಕ್ ಲೈವಿನಲ್ಲಿ ಬಂದು ಹೋದವು. ಹಲವು ಆಯೋಜಕರ ಫೋನುಗಳು ಬದಲಾಗಿವೆ, ಪುಟಗಳು ಮುಚ್ಚಿವೆ. ಕೆಲವು ಕಲಾವಿದರು ಈಗ ಇಲ್ಲ. ನೈಟ್ರೇಟ್ ರೀಲು ಕರಗಲು ಹತ್ತಾರು ವರ್ಷ ಬೇಕಿತ್ತು. ಫೋನಿನ ಮೆಮೊರಿ ತುಂಬಿದಾಗ ಅಳಿಸಲು ಒಂದು ಗಳಿಗೆ ಸಾಕು.

ನವೆಂಬರ್ 5

ಮಹಾರಾಷ್ಟ್ರದ ಸಿನಿಮಾ, ನಾಟಕ ಮಂದಿರಗಳು ಅರ್ಧ ಕುರ್ಚಿಗಳೊಂದಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು 2020ರ ನವೆಂಬರ್ 5ರಂದು. ಎರಡನೇ ಅಲೆಯಲ್ಲಿ ಅವು ಮತ್ತೆ ಮುಚ್ಚಿ, 2021ರ ಅಕ್ಟೋಬರ್ 22ರಂದು ಮತ್ತೆ ತೆರೆದವು. ಆದರೆ ಆ ಮೊದಲ ದಿನಾಂಕಕ್ಕೆ ಬೇರೆಯೇ ತೂಕವಿದೆ. ನವೆಂಬರ್ 5 ಮರಾಠಿ ರಂಗಭೂಮಿ ದಿನ. 1843ರ ಆ ದಿನ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದ್ದರಿಂದ ಮರಾಠಿ ನಾಟಕ ಹುಟ್ಟಿತೆಂದು ಲೆಕ್ಕ.

ಭಾವೆಯವರು ಅದನ್ನು ಆಡಿಸಿದ್ದೇಕೆ? ಹಿಂದಿನ ವರ್ಷ ಕರ್ನಾಟಕದ ಒಂದು ಭಾಗವತ ಮೇಳ ಸಾಂಗ್ಲಿಗೆ ಬಂದು ಆಟವಾಡಿತ್ತು. ಅದು ಹೊನ್ನಾವರ ಸಮೀಪದ ಕರ್ಕಿಯ ಮೇಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ನೋಡಿದ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ಭಾವೆಯವರಿಗೆ ಹೇಳಿದರು. ಮೂವತ್ತೇಳು ವರ್ಷಗಳ ನಂತರ, 1880ರ ಅಕ್ಟೋಬರ್ 31ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಆ ಸಂಗೀತ ನಾಟಕದ ಗಾಳಿ ಮತ್ತೆ ಉತ್ತರ ಕರ್ನಾಟಕಕ್ಕೆ ಬೀಸಿ ನಮ್ಮ ಕಂಪನಿ ನಾಟಕಗಳನ್ನು ಬೆಳೆಸಿತು. ಆ ಕಂಪನಿ ನಾಟಕದ ನಟರೇ ಮುಂದೆ ಕೊಲ್ಹಾಪುರಕ್ಕೆ ಹೋಗಿ 'ಸತಿ ಸುಲೋಚನ' ಮಾಡಿದರು.

ಕರ್ಕಿಯಿಂದ ಘಟ್ಟ ಹತ್ತಿ, ವೇಷದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಸಾಂಗ್ಲಿಗೆ ನಡೆದು ಹೋದ ಆ ಕಲಾವಿದರಲ್ಲಿ ಬಹುಪಾಲು ಜನರ ಹೆಸರು ಯಾರಿಗೂ ನೆನಪಿಲ್ಲ. ಅವರ ಆಟದ ಒಂದು ಕುಣಿತವೂ ದಾಖಲಾಗಿಲ್ಲ, ಆಗುವಂತೆಯೂ ಇರಲಿಲ್ಲ. ನಮಗೆ ಆ ನೆಪವಿಲ್ಲ. ನಿಮ್ಮ ಫೋನಿನಲ್ಲೋ ಹಳೆಯ ಹಾರ್ಡ್‌ಡಿಸ್ಕಿನಲ್ಲೋ 2020ರ ಒಂದು ನಾಟಕ, ಒಂದು ತಾಳಮದ್ದಲೆ, ಊರಿನ ಸಂಘದ ಒಂದು ಆನ್‌ಲೈನ್ ಕಾರ್ಯಕ್ರಮ ಉಳಿದಿರಬಹುದು. ಜಾಗ ಸಾಲದೆಂದು ಅಳಿಸುವ ಮುಂಚೆ ಇನ್ನೊಂದು ಪ್ರತಿ ಮಾಡಿ, ಆಡಿದವರ ಹೆಸರು, ದಿನಾಂಕ, ಊರು ಬರೆದು, ಆಡಿದ ತಂಡಕ್ಕೇ ಕಳಿಸಿಕೊಡಿ. ಚೆನ್ನಾಗಿತ್ತೇ ಇಲ್ಲವೇ ಎಂದು ಈಗ ಯೋಚಿಸಬೇಡಿ. ಅದನ್ನು ಮುಂದೆ ನೋಡುವವರು ಹೇಳುತ್ತಾರೆ.